ಮರಳಿಗಿಳಿಯುವ ಮುನ್ನ ಮನೆಯಂಗಳದಲ್ಲಿ

ಗಲ್ಫಿನಲ್ಲಿ ನೆಲೆಸಿರುವ ನಮ್ಮ ಕರಾವಳಿಯ ಕುಟುಂಬಗಳಿಗೆ ಚಳಿಗಾಲವೆಂದರೆ ಮರಳುಗಾಡಿಗೆ ಹೊರಡುವ ಕಾಲ. ಬಿಸಿಲಿನ ಕಾವು ಇಳಿದದ್ದೇ ತಡ, ರಜೆಯ ದಿನ ಬಿರಿಯಾನಿಯ ಪಾತ್ರೆ, ಚಾಪೆ, ಚಹಾದ ಫ್ಲಾಸ್ಕು ಎಲ್ಲವೂ ‘ಫೋರ್ ವೀಲ್’ ಗಾಡಿಯ ಹಿಂಬದಿ ಸೇರುತ್ತವೆ. ಆದರೆ ಆ ಗಾಡಿ ಮರಳಿಗೆ ಸಿದ್ಧವಾಗಿದೆಯೇ ಎಂದು ಕೇಳುವವರು ಕಡಿಮೆ. ಅದು ಗಂಡಸರ ವಿಷಯವೆಂದು ನಾವು ಸುಮ್ಮನಿರುತ್ತೇವೆ. ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿರುವವರು ನಾವೇ ಅಲ್ಲವೇ?

ಒಮನ್‌ನ ಶರ್ಕಿಯಾ ಮರಳುಗಾಡಿಗೆ ನೀವು ಒಮ್ಮೆ ಹೋಗಲೇಬೇಕು. ಅಲ್ಲಿನ ವಹೀಬಾ ಬುಡಕಟ್ಟಿನಿಂದಾಗಿ ಇದಕ್ಕೆ ವಹೀಬಾ ಮರಳು ಎಂಬ ಹೆಸರೂ ಇದೆ. ಮಸ್ಕತ್‌ನಿಂದ ಹಜರ್ ಬೆಟ್ಟಗಳ ನಡುವೆ ಸಾಗಿ, ಇಬ್ರಾ ಪಟ್ಟಣ ದಾಟಿ ಬಿದಿಯಾ ತಲುಪಲು ಇನ್ನೂರು ಕಿ.ಮೀ.ಗೂ ತುಸು ಹೆಚ್ಚು ದೂರ. ಖರ್ಜೂರದ ತೋಟಗಳು ಮುಗಿಯುವಲ್ಲೇ ಜೇನಿನ ಬಣ್ಣದ ದಿಬ್ಬಗಳು ಎದ್ದು ನಿಲ್ಲುತ್ತವೆ. ಉತ್ತರದಿಂದ ದಕ್ಷಿಣಕ್ಕೆ ಸುಮಾರು 180 ಕಿ.ಮೀ. ಹಬ್ಬಿರುವ ಈ ಮರಳಿನಲ್ಲಿ ಕೆಲವು ದಿಬ್ಬಗಳು 100 ಮೀಟರ್ ಎತ್ತರವಿವೆ. 1986ರಲ್ಲಿ ಬ್ರಿಟನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯ ವಿಜ್ಞಾನಿಗಳು ಇಲ್ಲಿ ಬೀಡುಬಿಟ್ಟು ಇದರ ಗಿಡಮರ, ಪ್ರಾಣಿ, ಜನಜೀವನವನ್ನೆಲ್ಲ ಅಧ್ಯಯನ ಮಾಡಿದ್ದರು. ಇಲ್ಲಿ ನೆರಳು ಕೊಡುವ ಗಾಫ್ ಮರ ನಮಗೆ ಅಪರಿಚಿತವಲ್ಲ; ಊರಿನಲ್ಲಿ ನಾವು ಬನ್ನಿ ಮರವೆನ್ನುವುದು ಅದನ್ನೇ.

ಈ ಮರಳಿನ ಮಕ್ಕಳಾದ ಬೆದೂಯಿನ್‌ಗಳ ಗಾಡಿಗಳನ್ನು ಗಮನಿಸಿ. ಹಳೆಯ ಟೊಯೊಟಾ ಪಿಕಪ್, ಲ್ಯಾಂಡ್ ಕ್ರೂಸರ್. ಹೆಚ್ಚಿನವಕ್ಕೆ ಯಾವ ಸಿಂಗಾರವೂ ಇಲ್ಲ. ನಗರದಿಂದ ಬರುವ ಗಾಡಿಗಳಿಗೋ ಛಾವಣಿಯ ಮೇಲೆ ಕಬ್ಬಿಣದ ಕ್ಯಾರಿಯರ್, ಸಾಲು ದೀಪ, ದೈತ್ಯ ಟೈರು, ಎತ್ತರಿಸಿದ ಸಸ್ಪೆನ್ಷನ್. ಎತ್ತರಿಸಿದರೆ ತಳ ಕಲ್ಲಿಗೆ ತಾಗುವುದಿಲ್ಲ, ನಿಜ. ಆದರೆ ಗಾಡಿಯ ಭಾರ ಮೇಲಕ್ಕೆ ಸರಿದಷ್ಟೂ ದಿಬ್ಬದ ಓರೆಯಲ್ಲಿ ಮಗುಚುವ ಅಪಾಯ ಹೆಚ್ಚು. ಛಾವಣಿಗೆ ಪೆಟ್ಟಿಗೆ, ನೀರಿನ ಕ್ಯಾನು ಕಟ್ಟಿದರೂ ಅಷ್ಟೇ. ಟೈರ್ ದೊಡ್ಡದಾದರೆ ಮೀಟರ್ ತೋರಿಸುವುದಕ್ಕಿಂತ ವೇಗವಾಗಿ ಗಾಡಿ ಓಡುತ್ತಿರುತ್ತದೆ. ಬ್ರೇಕ್ ಹಿಡಿಯಲೂ ಹೆಚ್ಚು ದೂರ ಬೇಕು. ಇಂಥ ಬದಲಾವಣೆಗಳಿಗೆ ಅಲ್ಲಿ ಪೊಲೀಸರ ಅನುಮತಿಯೂ ಬೇಕು. ಊರಿಗೆ ಮರಳಿ ಜೀಪು ಕೊಳ್ಳುವವರೂ ನೆನಪಿಡಿ: ತಯಾರಕರು ಕೊಟ್ಟ ಸ್ವರೂಪವನ್ನು ಮನಬಂದಂತೆ ಬದಲಿಸಬಾರದೆಂದು 2019ರಲ್ಲಿ ನಮ್ಮ ಸುಪ್ರೀಂ ಕೋರ್ಟೂ ಹೇಳಿದೆ.

ಹಾಗಾದರೆ ಮರಳಿಗೆ ಬೇಕಾದುದೇನು? ಮೊದಲನೆಯದು ಗಾಳಿ, ಅದಕ್ಕೆ ಖರ್ಚೇ ಇಲ್ಲ. ರಸ್ತೆಯಲ್ಲಿ 35 ಪೌಂಡ್ ಇರುವ ಟೈರಿನ ಗಾಳಿಯನ್ನು ಮರಳಿನ ಅಂಚಿನಲ್ಲಿ 15-18 ಪೌಂಡಿಗೆ ಇಳಿಸುತ್ತಾರೆ. ಆಗ ಟೈರ್ ಒಂಟೆಯ ಪಾದದಂತೆ ಅಗಲವಾಗಿ ಊರಿ, ಹೂಳದೆ ಸಾಗುತ್ತದೆ. ಮರಳಿ ಡಾಂಬರು ರಸ್ತೆಗೆ ಬಂದೊಡನೆ ಗಾಳಿ ತುಂಬಲೇಬೇಕು. ಕಡಿಮೆ ಗಾಳಿಯಲ್ಲಿ ವೇಗವಾಗಿ ಓಡಿದರೆ ಟೈರ್ ಕಾದು ಸಿಡಿಯುತ್ತದೆ. ಆದ್ದರಿಂದ ಒಂದು ಒಳ್ಳೆಯ ಅಳತೆಯ ಗೇಜು ಮತ್ತು ಗಾಳಿ ತುಂಬುವ ಚಿಕ್ಕ ಪಂಪು, ಸಾಲು ದೀಪಗಳಿಗಿಂತ ಮೊದಲು ಕೊಳ್ಳಬೇಕಾದ ವಸ್ತುಗಳು.

ಹೊರಡುವ ಮುನ್ನಾದಿನ ಅಂಗಳದಲ್ಲಿ ಅರ್ಧ ಗಂಟೆ ಮೀಸಲಿಡಿ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2321 ಎಂದಿದ್ದರೆ ಅದು 2021ರ 23ನೇ ವಾರದಲ್ಲಿ ತಯಾರಾದದ್ದು. ಗಲ್ಫಿನ ಬಿಸಿಲಿನಲ್ಲಿ ಐದು ವರ್ಷ ದಾಟಿದ ಟೈರನ್ನು, ಮೇಲ್ಮೈ ಚೆನ್ನಾಗಿದ್ದರೂ, ನಂಬದಿರುವುದು ಲೇಸು. ಇಂಜಿನ್ ತಣ್ಣಗಿರುವಾಗ ಆಯಿಲ್, ರೇಡಿಯೇಟರ್ ನೀರು ನೋಡಿ. ಕಾದ ರೇಡಿಯೇಟರ್‌ನ ಮುಚ್ಚಳ ತೆರೆಯಬೇಡಿ, ಕುದಿಯುವ ನೀರು ಮುಖಕ್ಕೆ ಎರಚುತ್ತದೆ. ಏರ್ ಫಿಲ್ಟರ್ ಹೊರತೆಗೆದು ಮೆಲ್ಲನೆ ತಟ್ಟಿ ಧೂಳು ಉದುರಿಸಿ. ಕಾಗದದ ಫಿಲ್ಟರನ್ನು ನೀರಿನಲ್ಲಿ ತೊಳೆಯಬಾರದು. ಸ್ಪೇರ್ ಟೈರ್, ಜಾಕು ಮತ್ತು ಜಾಕಿನಡಿ ಇಡಲು ಒಂದು ಅಗಲವಾದ ಹಲಗೆ ಇರಲಿ. ಹಲಗೆಯಿಲ್ಲದಿದ್ದರೆ ಜಾಕು ಮರಳಿನಲ್ಲಿ ಇಳಿಯುತ್ತದೆಯೇ ಹೊರತು ಗಾಡಿ ಏಳುವುದಿಲ್ಲ.

ಗಾಡಿ ಹೂತರೆ ಎಳೆಯುವ ಪಟ್ಟಿಯನ್ನು ಚಾಸಿಗೆ ಗಟ್ಟಿಯಾಗಿ ಕೂಡಿಸಿದ ಕೊಂಡಿಗೇ ಸಿಕ್ಕಿಸಬೇಕು. ಟ್ರೈಲರ್ ಎಳೆಯುವ ಗುಂಡಿಗೆ ಕಟ್ಟಿದರೆ, ಅದು ಕಿತ್ತು ಗುಂಡಿನಂತೆ ಹಾರಿ ಜೀವ ತೆಗೆದೀತು. ಎಳೆಯುವಾಗ ಮಕ್ಕಳನ್ನು ಕರೆದುಕೊಂಡು ದೂರ ನಿಲ್ಲುವುದು ನಿಮ್ಮ ಹೊಣೆ. ಎಂದೂ ಒಂಟಿ ಗಾಡಿಯಲ್ಲಿ ಮರಳಿಗಿಳಿಯಬೇಡಿ. ತಲೆಗೆ ದಿನಕ್ಕೆ ಐದು ಲೀಟರಿನಂತೆ ನೀರಿರಲಿ. ದಾರಿ, ಮರಳುವ ಹೊತ್ತು ಎರಡನ್ನೂ ನೆರೆಮನೆಯವರಿಗೆ ತಿಳಿಸಿ. ದಾರಿ ತಪ್ಪಿದರೆ ಗಾಡಿ ಬಿಟ್ಟು ನಡೆಯಬೇಡಿ. ಹುಡುಕುವವರ ಕಣ್ಣಿಗೆ ಮನುಷ್ಯರಿಗಿಂತ ಮೊದಲು ಬೀಳುವುದು ಗಾಡಿ.

ಇನ್ನೊಂದು ಮಾತು. ಗಾಡಿ ಎತ್ತರವಾಗಿದೆ, ಉಸಿರಾಟದ ಕೊಳವೆ ಛಾವಣಿಯವರೆಗಿದೆ ಎಂದು ಹರಿಯುವ ವಾದಿಗೆ ಇಳಿಯುವವರಿದ್ದಾರೆ. ವಾದಿಯೆಂದರೆ ಮಳೆಗೆ ಮಾತ್ರ ಹರಿಯುವ ಹೊಳೆ. 2024ರ ಏಪ್ರಿಲ್‌ನಲ್ಲಿ ಇದೇ ಉತ್ತರ ಶರ್ಕಿಯಾ ಪ್ರಾಂತ್ಯದಲ್ಲಿ ಶಾಲಾ ಮಕ್ಕಳಿದ್ದ ವಾಹನ ಪ್ರವಾಹಕ್ಕೆ ಸಿಲುಕಿ ಎಳೆಯ ಜೀವಗಳು ಹೋದವು. ಮೋಡ ಕವಿದ ದಿನ ಪ್ರವಾಸ ಬೇಡ. ನೀರು ಕಂಡರೆ ಕಾಯಿರಿ, ಇಲ್ಲವೇ ಹಿಂದಿರುಗಿ.

ಮನೆಗೆ ಬಂದ ಮೇಲೂ ಕೆಲಸವಿದೆ. ಕಡಲ ತೀರದಲ್ಲಿ ಓಡಿಸಿದ್ದರೆ ತಳವನ್ನು ಸಿಹಿನೀರಿನಿಂದ ತೊಳೆಯಿರಿ, ಉಪ್ಪು ಕಬ್ಬಿಣವನ್ನು ತಿನ್ನುತ್ತದೆ. ವೇಗದಲ್ಲಿ ಸ್ಟೇರಿಂಗ್ ನಡುಗಿದರೆ ಚಕ್ರದ ಒಳಬದಿಯಲ್ಲಿ ಮರಳು ಮೆತ್ತಿಕೊಂಡಿರಬಹುದು. ಸೈಲೆನ್ಸರ್ ಬಳಿ ಸಿಕ್ಕ ಒಣಹುಲ್ಲನ್ನು ಅದು ತಣಿದ ಮೇಲೆ ತೆಗೆಯಿರಿ, ಬೆಂಕಿ ಹತ್ತೀತು.

ಅಡುಗೆ ಮನೆಯಲ್ಲಿ ಗ್ಯಾಸಿನ ಪೈಪು, ಕುಕ್ಕರಿನ ಗ್ಯಾಸ್ಕೆಟ್ ನೋಡುವ ಕಣ್ಣಿಗೆ ಇದಾವುದೂ ಕಷ್ಟವಲ್ಲ. ಒಂದು ಪಟ್ಟಿ ಬರೆದು ಬಾಗಿಲಿಗೆ ಅಂಟಿಸಿ. ಎಲ್ಲಕ್ಕೂ ಗುರುತು ಬಿದ್ದ ಮೇಲೆಯೇ ಬಿರಿಯಾನಿಯ ಪಾತ್ರೆ ಗಾಡಿಯೇರಲಿ.