ಟಪಾಲಿನ ಬೆಲ್ಲು, ಡೋಲೊಮೈಟ್ಸ್ ದಾರಿ

ಡೊಬ್ಬಿಯಾಕೊ ಸ್ಟೇಷನ್ನಿನ ಹತ್ತಿರದ ಬಾಡಿಗೆ ಅಂಗಡಿಯಲ್ಲಿ ಬ್ಯಾಟರಿ ಸೈಕಲ್ಲುಗಳ ಸಾಲೇ ಇತ್ತು. ಅಪ್ಪಯ್ಯ ಅದರತ್ತ ತಿರುಗಿಯೂ ನೋಡಲಿಲ್ಲ. ಮೂಲೆಯಲ್ಲಿದ್ದ ಸಾದಾ ಗೇರ್ ಸೈಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಚೈನಿನ ಮೇಲೆ ಬೆರಳಾಡಿಸಿ, ಹಿಂದಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, "ಇದು ಸಾಕು" ಎಂದರು. ಈಗ ಅವರಿಗೆ 68. ತೀರ್ಥಹಳ್ಳಿ ಕಡೆಯ ಹಳ್ಳಿಗಳಿಗೆ ಮೂವತ್ತೊಂದು ವರ್ಷ ಸೈಕಲ್ಲಿನಲ್ಲೇ ಟಪಾಲು ಹಂಚಿದವರು. ಆರು ವರ್ಷದ ಹಿಂದೆ, ಆಗಷ್ಟೇ ಅಗಲವಾಗಿದ್ದ ರಸ್ತೆಯಲ್ಲಿ ಲಾರಿಯೊಂದು ಹಿಂದಿನಿಂದ ಸವರಿಕೊಂಡು ಹೋಯಿತು. ಭುಜದ ಮೂಳೆ ಮೂರು ತಿಂಗಳಲ್ಲಿ ಕೂಡಿಕೊಂಡಿತು. ಕೊಟ್ಟಿಗೆಯ ಅಟ್ಟಕ್ಕೇರಿದ ಸೈಕಲ್ಲು ಮತ್ತೆ ಕೆಳಗಿಳಿಯಲಿಲ್ಲ.

ನಾನಿರುವುದು ಮ್ಯೂನಿಕ್‌ನಲ್ಲಿ. ಜೂನಿನಲ್ಲಿ ಅಪ್ಪಯ್ಯ ಬರುತ್ತಾರೆಂದು ಗೊತ್ತಾದ ದಿನವೇ ಈ ದಾರಿಯನ್ನು ಮನಸ್ಸಿನಲ್ಲಿ ಗೊತ್ತುಮಾಡಿಕೊಂಡಿದ್ದೆ. ಬ್ರೆನ್ನರ್ ದಾಟಿ ಫೋರ್ಟೆಜಾದಲ್ಲಿ ರೈಲು ಬದಲಿಸಿದರೆ ಇಟಲಿಯ ಉತ್ತರದ ತುದಿಯ ಈ ಊರು ಸಿಗುತ್ತದೆ. ಸ್ಟೇಷನ್ನಿನ ಫಲಕದಲ್ಲಿ ಊರಿಗೆ ಎರಡು ಹೆಸರು: ಇಟಾಲಿಯನ್‌ನಲ್ಲಿ ಡೊಬ್ಬಿಯಾಕೊ, ಜರ್ಮನ್‌ನಲ್ಲಿ ಟೊಬ್ಲಾಖ್. ಇಲ್ಲಿಂದ ಕೊರ್ಟಿನಾ ಮೇಲೆ ಹಾದು ಕಲಾಲ್ಜೊವರೆಗೆ ಸುಮಾರು 65 ಕಿಲೋಮೀಟರ್ ಸೈಕಲ್ ದಾರಿ. ಒಂದು ಕಾಲಕ್ಕೆ ಇದು ರೈಲು ದಾರಿಯಾಗಿತ್ತು. ಮೊದಲ ಮಹಾಯುದ್ಧದಲ್ಲಿ ಡೊಬ್ಬಿಯಾಕೊ ಕಡೆಯಿಂದ ಆಸ್ಟ್ರಿಯಾದವರೂ ಕಲಾಲ್ಜೊ ಕಡೆಯಿಂದ ಇಟಲಿಯವರೂ ತಮ್ಮ ತಮ್ಮ ಸೈನ್ಯಕ್ಕೆ ಸಾಮಾನು ಸಾಗಿಸಲು ಸಣ್ಣ ಹಳಿ ಹಾಕಿದ್ದರು. ಯುದ್ಧ ಮುಗಿದ ಮೇಲೆ ಎರಡನ್ನೂ ಜೋಡಿಸಿ 1921ರಲ್ಲಿ ಜನರ ರೈಲು ಓಡಿಸಿದರು. 950 ಮಿಲಿಮೀಟರ್ ಅಗಲದ ಪುಟ್ಟ ಹಳಿ. 1956ರ ಚಳಿಗಾಲದ ಒಲಿಂಪಿಕ್ಸ್ ಕೊರ್ಟಿನಾದಲ್ಲಿ ನಡೆದಾಗ ಜನರನ್ನು ಹೊತ್ತು ತಂದದ್ದು ಇದೇ. 1964ರಲ್ಲಿ ನಿಂತುಹೋಯಿತು.

ರೈಲಿಗೆ ಕಡಿದಾದ ಏರು ಆಗದು. ಅದಕ್ಕೆಂದು ಬೆಟ್ಟವನ್ನು ಕಡಿದು, ಬಳಸಿ, ತುಂಬಿ ಮಾಡಿದ ಸಮಾಧಾನದ ಏರು ಈಗ ಸೈಕಲ್ಲಿನವರ ಪಾಲಿಗೆ ಬಂದಿದೆ. ಡೊಬ್ಬಿಯಾಕೊ ಇರುವುದು 1256 ಮೀಟರ್ ಎತ್ತರದಲ್ಲಿ, ದಾರಿಯ ನೆತ್ತಿಯಾದ ಚಿಮಾಬಾಂಕೆ 1530ರಲ್ಲಿ. ನಡುವೆ ಹದಿನೈದು ಕಿಲೋಮೀಟರ್. ನೂರು ಮೀಟರ್ ಸಾಗಿದರೆ ಎರಡು ಮೀಟರ್ ಕೂಡ ಏರುವುದಿಲ್ಲ. "ನಮ್ಮ ಶಾಲೆ ಗುಡ್ಡವೇ ಇದಕ್ಕಿಂತ ಏರು" ಎಂದು ಅಪ್ಪಯ್ಯ ಆಶ್ಚರ್ಯಪಟ್ಟರು, ಸುತ್ತ ಡೋಲೊಮೈಟ್ಸ್ ಬೆಟ್ಟಸಾಲಿನ ಮೂರು ಸಾವಿರ ಮೀಟರಿನ ಬಂಡೆಗಳು ನಿಂತಿದ್ದರೂ.

ಆದರೆ ಮೊದಲ ಒಂದು ಗಂಟೆ ಅವರು ಬೆಟ್ಟ ನೋಡಲೇ ಇಲ್ಲ. ಐವತ್ತು ಅಡಿಗೊಮ್ಮೆ ಕತ್ತು ಹಿಂದಕ್ಕೆ ತಿರುಗುತ್ತಿತ್ತು. ಹಿಂದೆ ಜಲ್ಲಿಯ ಸದ್ದು ಕೇಳಿದರೆ ಸಾಕು, ದಾರಿ ಬಿಟ್ಟು ಹುಲ್ಲಿಗಿಳಿದು ಒಂದು ಕಾಲೂರಿ ನಿಲ್ಲುತ್ತಿದ್ದರು. ಬಂದದ್ದು ಮಗುವನ್ನು ಹಿಂದೆ ಕೂರಿಸಿಕೊಂಡ ತಾಯಿಯೊಬ್ಬಳು. ಆಮೇಲೆ ಇಬ್ಬರು ಮುದುಕರು. ಎಲ್ಲರೂ "ಚಾವ್" ಎಂದು ಹೇಳಿ ಹೋದರು. ಇನ್ನೊಂದು ತೊಡಕು, ಇಲ್ಲಿ ಬಲಗಡೆ ಹೋಗಬೇಕು. ಬೆದರಿದಾಗೆಲ್ಲ ಅವರ ಕೈ ತಾನಾಗಿ ಎಡಕ್ಕೆ ಎಳೆಯುತ್ತಿತ್ತು. ನಾನು ಹಿಂದೆ ಹಿಂದೆಯೇ ಬಂದೆ. ಧೈರ್ಯ ಹೇಳಲು ಬಾಯಿ ಬರಲಿಲ್ಲ. ಊರಲ್ಲಿ ಅವರ ಹಿಂದೆ ಯಾರೂ ಇರಲಿಲ್ಲವಲ್ಲ ಎಂದು ಹೊಟ್ಟೆಯಲ್ಲಿ ಸಂಕಟ.

ದಾರಿಯ ಮೊದಲ ಕೆರೆ ದಾಟಿದ ಮೇಲೆ ಕಣಿವೆ ಇಕ್ಕಟ್ಟಾಯಿತು. ಎಡಕ್ಕೆ ತ್ರೆ ಚಿಮೆ ನಿಸರ್ಗಧಾಮ, ಬಲಕ್ಕೆ ಫಾನೆಸ್–ಸೆನ್ನೆಸ್–ಬ್ರೈಯೆಸ್ ನಿಸರ್ಗಧಾಮ. ದಾರಿಯ ಬದಿಯಲ್ಲಿ ಆಸ್ಟ್ರಿಯಾ–ಹಂಗೇರಿ ಸೈನಿಕರ ಸ್ಮಶಾನ, ಸ್ಪ್ರೂಸ್ ಮರಗಳ ನೆರಳಲ್ಲಿ ಶಿಲುಬೆಗಳು. ಮೇಲಿನ ಮೊಂತೆ ಪಿಯಾನಾ ಬೆಟ್ಟದ ನೆತ್ತಿಗಾಗಿ 1915ರಿಂದ 1917ರವರೆಗೆ ಎರಡೂ ಸೈನ್ಯಗಳು ಕಾದಾಡಿದ್ದವು. ಅಪ್ಪಯ್ಯ ಟೋಪಿ ತೆಗೆದು ನಿಂತರು. "ಇವರ ಮನೆಗೆಲ್ಲ ತಂತಿ ಹೋಗಿರುತ್ತೆ" ಎಂದರು. ಅಂಥ ಸುದ್ದಿಯನ್ನು ಮನೆ ಬಾಗಿಲಿಗೆ ಒಯ್ದವರು ಅವರು, ಮತ್ತೆ ಮಾತಾಡಲಿಲ್ಲ.

ಲಾಂಡ್ರೊ ಎಂಬಲ್ಲಿ ಪಕ್ಕದ ಕಣಿವೆಯ ಬಾಯಿ ತೆರೆದು ತ್ರೆ ಚಿಮೆಯ ಮೂರು ಕೊಂಬುಗಳು ಕಂಡವು. ನಡುವಿನದು 2999 ಮೀಟರ್. ಸ್ವಲ್ಪ ಮುಂದೆ ಇನ್ನೊಂದು ಹಸಿರು–ನೀಲಿ ಕೆರೆ, ಅದರಾಚೆ ಹಿಮ ಅಂಟಿದ ಕ್ರಿಸ್ಟಾಲೊ ಬೆಟ್ಟ. ಚಂದವೇ, ನೂರಾರು ಫೋಟೋಗಳಲ್ಲಿ ನೋಡಿದ ಚಂದ. ನನಗೆ ಅದಕ್ಕಿಂತ ನೆನಪಿರುವುದು ಅಪ್ಪಯ್ಯನ ಚಪ್ಪಲಿ, ಪ್ಯಾಂಟಿನ ಅಂಚು, ಮಡ್‌ಗಾರ್ಡಿಗೆ ಹತ್ತಿದ ಬಿಳಿ ಹುಡಿ. ಗೋಧಿ ಹಿಟ್ಟಿನಷ್ಟು ನಯ. ಇಪ್ಪತ್ತು ಕೋಟಿ ವರ್ಷಕ್ಕೂ ಹಿಂದೆ ಬೆಚ್ಚಗಿನ ಸಮುದ್ರದಡಿ ಹವಳ, ಚಿಪ್ಪು, ಪಾಚಿಗಳಿಂದ ಕಟ್ಟಿಕೊಂಡ ಬಂಡೆಯ ಹುಡಿ ಅದು. ಅಪ್ಪಯ್ಯ ಬೆರಳಲ್ಲಿ ತೆಗೆದು ತಿಕ್ಕಿ ನೋಡಿ, "ಎಲೆಗೆ ಹಚ್ಚೋ ಸುಣ್ಣದ ಹಾಗಿದೆ" ಎಂದರು. ಸುಣ್ಣದ ಬಳಗದ್ದೇ, ಜೊತೆಗೆ ಮೆಗ್ನೀಸಿಯಂ ಸೇರಿದೆ.

ಚಿಮಾಬಾಂಕೆಯಾಚೆ ಇಳಿಜಾರು. ಅಲ್ಲಿಂದ ಆಂಪೆಝೊ ಡೋಲೊಮೈಟ್ಸ್ ನಿಸರ್ಗಧಾಮ. 1990ರಲ್ಲಿ ಆದದ್ದು. ಅದನ್ನು ನೋಡಿಕೊಳ್ಳುವವರು 'ರೆಗೊಲೆ', ಎಂದರೆ ಕೊರ್ಟಿನಾ ಕಣಿವೆಯ ಹಳೆಯ ಮನೆತನಗಳ ಒಕ್ಕೂಟ. ಕಾಡು, ಹುಲ್ಲುಗಾವಲು ನೂರಾರು ವರ್ಷಗಳಿಂದ ಆ ಮನೆತನಗಳ ಒಟ್ಟು ಆಸ್ತಿ. ಪಾಲು ಮಾಡುವ ಹಾಗಿಲ್ಲ, ಮಾರುವ ಹಾಗಿಲ್ಲ. "ನಮ್ಮ ಸೊಪ್ಪಿನಬೆಟ್ಟದ ಹಾಗಾ?" ಎಂದು ಕೇಳಿದರು ಅಪ್ಪಯ್ಯ. ಅಷ್ಟು ಸರಿಯಲ್ಲ, ಸೊಪ್ಪಿನಬೆಟ್ಟದ ನೆಲ ಸರ್ಕಾರದ್ದು, ತೋಟದವರಿಗೆ ಇರುವುದು ಸೊಪ್ಪು–ದರಗಿನ ಹಕ್ಕು. ಆದರೂ ಅವರ ಪ್ರಶ್ನೆ ಹೋಗಿ ತಟ್ಟಿದ್ದು ಸರಿಯಾದ ಜಾಗಕ್ಕೇ: ಒಲೆಗೆ ಕಟ್ಟಿಗೆ, ಹಸುವಿಗೆ ಮೇವು ಬೇಕಿದ್ದವರೇ ಕಾಡು ಕಾದಿದ್ದಾರೆ. 2018ರ ಅಕ್ಟೋಬರಿನಲ್ಲಿ ವಾಯಾ ಎಂಬ ಬಿರುಗಾಳಿ ಈ ಸೀಮೆಯಲ್ಲಿ ಲಕ್ಷಾಂತರ ಮರ ಉರುಳಿಸಿತು. ಆಮೇಲೆ ತೊಗಟೆ ಕೊರೆಯುವ ಹುಳ ಬಂತು. ನಡುನಡುವೆ ನಿಂತಲ್ಲೇ ಕಂದು ಬಣ್ಣಕ್ಕೆ ತಿರುಗಿದ ಸ್ಪ್ರೂಸ್ ಗುಂಪು ಕಂಡಾಗ ಅಪ್ಪಯ್ಯ ಸೈಕಲ್ ನಿಧಾನಿಸುತ್ತಿದ್ದರು. ಕೊಳೆರೋಗದಲ್ಲಿ ಅಡಿಕೆ ಉದುರಿದ ತೋಟಗಳನ್ನು ನೋಡಿದ ಕಣ್ಣು.

ಫೆಲಿಜೊನ್ ಕಮರಿಯ ಮೇಲಿನ ಹಳೆಯ ರೈಲು ಸೇತುವೆ ದಾಟಿದೆವು. ಕೆಳಗೆ ಎಷ್ಟೋ ಆಳದಲ್ಲಿ ನೀರು ಮೊರೆಯುತ್ತಿತ್ತು. ಆ ಹಾದಿಯ ಸುರಂಗದೊಳಗೆ ಹೊಕ್ಕಾಗ ಒಮ್ಮೆಲೇ ಚಳಿ. ಗೋಡೆಯಿಂದ ನೀರು ತೊಟ್ಟಿಕ್ಕುವ ಸದ್ದು, ಎರಡು ಸೈಕಲ್ಲುಗಳ ಗಿರಗಿರ, ಅಷ್ಟೇ. ಆಗ ಅಪ್ಪಯ್ಯ ಬೆಲ್ಲು ಬಾರಿಸಿದರು. ಟ್ರಿಣ್–ಟ್ರಿಣ್, ಸ್ವಲ್ಪ ಬಿಟ್ಟು ಟ್ರಿಣ್. ನನ್ನ ಎದೆ ಝಲ್ಲೆಂದಿತು. ಮನೆ ಮನೆಯ ದಣಪೆಯ ಹತ್ತಿರ ಬಂದಾಗ ಅವರು ಬಾರಿಸುತ್ತಿದ್ದದ್ದು ಹಾಗೇ. ಅಡಿಗೆಮನೆಯಲ್ಲಿದ್ದವರೂ ಕೈ ಒರೆಸಿಕೊಂಡು ಹೊರಗೆ ಬರುತ್ತಿದ್ದರು. ಸುರಂಗದಾಚೆ ಬೆಳಕಿಗೆ ಬಂದಾಗ ನೋಡಿದೆ, ಅವರು ದಾರಿಯ ಅಂಚಿನಲ್ಲಿರಲಿಲ್ಲ. ಬಲಕ್ಕೆ ಬೇಕಾದಷ್ಟು ಜಾಗ ಬಿಟ್ಟುಕೊಂಡು, ಬೆನ್ನು ನೇರ ಮಾಡಿ, ಒಂದು ಕೈ ತೊಡೆಯ ಮೇಲಿಟ್ಟು ಹೋಗುತ್ತಿದ್ದರು.

ಕೊರ್ಟಿನಾ ಪೇಟೆಯಲ್ಲಿ ಕಾರುಗಳು ಎದುರಾದವು. ಅಲ್ಲಿ ನಿಲ್ಲಲಿಲ್ಲ. ಹಳೆಯ ರೈಲ್ವೆ ಸ್ಟೇಷನ್ ಈಗ ಬಸ್ ನಿಲ್ದಾಣ. ಊರ ಹೊರಗೆ 1956ರ ಒಲಿಂಪಿಕ್ಸಿಗೆ ಕಟ್ಟಿದ ಸ್ಕೀ ಹಾರುವ ಕಾಂಕ್ರೀಟ್ ಜಾರುಬಂಡೆ ಇನ್ನೂ ನಿಂತಿದೆ. ಮುಂದೆ ಡಾಂಬರು ದಾರಿ, ಪಕ್ಕದಲ್ಲಿ ಬೊಯಿತೆ ಹೊಳೆ. ಹೆದ್ದಾರಿಯೂ ಇದೇ ಕಣಿವೆಯಲ್ಲಿ ಹೋಗುತ್ತದೆ, ಅದರ ಸದ್ದು ಆಗಾಗ ಕೇಳುತ್ತದೆ. ಆದರೆ ಬಳಿಗೆ ಬರುವುದಿಲ್ಲ.

ಆ ರಾತ್ರಿ ಸಾನ್ ವಿತೊದಲ್ಲಿ ಉಳಿದೆವು. ಸಂಜೆ ಊರ ಮೂಡಲಿಗಿರುವ 3264 ಮೀಟರಿನ ಆಂತೆಲಾವೊ ಮೊದಲು ಅರಿಸಿನ, ಆಮೇಲೆ ಗುಲಾಬಿ, ಕೊನೆಗೆ ಬೂದಿ ಬಣ್ಣಕ್ಕೆ ತಿರುಗಿತು. ಈ ಕಣಿವೆಗಳ ಲಾದಿನ್ ಭಾಷೆಯಲ್ಲಿ ಅದಕ್ಕೊಂದು ಪದವಿದೆ: ಎನ್ರೊಸಾದಿರಾ, ಗುಲಾಬಿಯಾಗುವುದು. ಅಪ್ಪಯ್ಯ ಅದನ್ನು ನಾಲ್ಕು ಸಲ ಹೇಳಿಸಿಕೊಂಡು ಕಲಿತರು.

ಮರುದಿನ ಕಲಾಲ್ಜೊವರೆಗೂ ಹೆಚ್ಚುಕಡಿಮೆ ಇಳಿಜಾರೇ. ಅಲ್ಲಿ ನಿಜವಾದ ಹಳಿ ಶುರುವಾಗುತ್ತದೆ. ಊರಲ್ಲಿ ಒಂದು ಕಡೆ ಗೋಡೆಗೆ ಕೆಂಪು ಟಪಾಲು ಪೆಟ್ಟಿಗೆ ಕಂಡಿತು. ಇಲ್ಲೂ ಅದರ ಬಣ್ಣ ಕೆಂಪೇ. ಅಪ್ಪಯ್ಯ ಸೈಕಲ್ ಒರಗಿಸಿ, ಕಾಗದ ಹಾಕುವ ಸೀಳಿನಲ್ಲಿ ಎರಡು ಬೆರಳು ತೂರಿಸಿ, ಮಳೆನೀರು ಒಳಗೆ ಹೋಗದ ಹಾಗೆ ತಗಡು ಮಡಚಿದ್ದಾರಾ ಎಂದು ಮುಟ್ಟಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಬಸ್ಸಿಗೆ ಸೈಕಲ್ ಏರಿಸಿಕೊಂಡು ವಾಪಸು ಹೋಗುವ ಯೋಚನೆ ಬಿಟ್ಟುಬಿಡೋಣವಾ, ತುಳಿದುಕೊಂಡೇ ಹೋದರೆ ಎಷ್ಟು ದಿನ ಬೇಕು ಎಂದು ಕೇಳಿದರು.