ಕಲೆ ಕಲಿಯಲು ಊರು ಬಿಟ್ಟವರು

ಮಗ ಎಂಜಿನಿಯರಿಂಗ್ ಓದಲು ಹೊರದೇಶಕ್ಕೆ ಹೋಗುತ್ತೇನೆಂದರೆ ಮನೆಯವರು ಸಾಲ ಮಾಡಿಯಾದರೂ ಕಳುಹಿಸುತ್ತಾರೆ. ಮಗಳು ನಾಟಕವನ್ನೋ ಚಿತ್ರಕಲೆಯನ್ನೋ ಕಲಿಯಲು ಪಕ್ಕದ ಜಿಲ್ಲೆಗೆ ಹೋಗುತ್ತೇನೆಂದರೂ ‘ಆಮೇಲೆ ಹೊಟ್ಟೆಗೇನು ಮಾಡುತ್ತೀಯ?’ ಎಂಬ ಪ್ರಶ್ನೆ ಏಳುತ್ತದೆ. ಪ್ರಶ್ನೆ ತಪ್ಪಲ್ಲ. ಆದರೆ ಅದಕ್ಕಿಂತ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ: ಕಲಿಯುವಷ್ಟು ಕಾಲ ಆ ಮಗುವಿನ ಊಟ, ವಸತಿಯ ಭಾರ ಹೊರುವವರು ಯಾರು? ತುಮಕೂರು, ಕುಣಿಗಲ್, ಗುಬ್ಬಿಗಳಲ್ಲಿ ಒಂದು ದಿನ ಸುತ್ತಿದರೆ ಈ ಪ್ರಶ್ನೆ ಎಷ್ಟು ಹಳೆಯದೆಂದು ತಿಳಿಯುತ್ತದೆ.

ಬೆಂಗಳೂರಿನಿಂದ ಸುಮಾರು 70 ಕಿ.ಮೀ. ದೂರದ ತುಮಕೂರು ಹೊರಗಿನಿಂದ ಬಂದು ಓದುವ ಮಕ್ಕಳ ಊರು. ನಗರದ ಅಂಚಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ವಿದ್ಯಾರ್ಥಿಗಳಿಗೆ ಊಟ, ವಸತಿ, ವಿದ್ಯೆ ಉಚಿತವಾಗಿ ದೊರೆಯುತ್ತದೆ. 2019ರಲ್ಲಿ ತಮ್ಮ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳು ಬೆಳೆಸಿದ ಈ ದಾಸೋಹ ಹೇಳುವ ಮಾತು ಸರಳ: ಊರು ಬಿಟ್ಟ ಮಗು ಪುಸ್ತಕ ಹಿಡಿಯಬೇಕಾದರೆ ಮೊದಲು ಅದರ ತಟ್ಟೆ ತುಂಬಬೇಕು.

ಕೈದಾಳದ ತಾಯಿ

ತುಮಕೂರಿನಿಂದ ಕುಣಿಗಲ್ ರಸ್ತೆ ಹಿಡಿದರೆ ಗೂಳೂರಿನ ಆಚೆ ಕೈದಾಳ ಸಿಗುತ್ತದೆ. ಇಲ್ಲಿನ ಚೆನ್ನಕೇಶವ ದೇವಾಲಯ ಶಿಲ್ಪಿ ಜಕಣಾಚಾರಿಯ ಕಥೆಯಿಂದ ಹೆಸರಾಗಿದೆ. ಹಿಂದೆ ಕ್ರೀಡಾಪುರವೆನಿಸಿದ್ದ ಈ ಊರಿನ ಜಕಣ ಕಲೆಯ ಹುಚ್ಚಿನಲ್ಲಿ ತುಂಬುಗರ್ಭಿಣಿ ಹೆಂಡತಿಯನ್ನು ಬಿಟ್ಟು ಹೊರಟುಹೋದ. ಅವನ ಮಗ ಡಂಕಣ ಬೆಳೆದು, ತಾನೂ ಶಿಲ್ಪಿಯಾಗಿ, ತಂದೆಯನ್ನು ಹುಡುಕುತ್ತ ಬೇಲೂರಿಗೆ ಬಂದ. ಅಲ್ಲಿ ಒಂದು ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎಂದ. ದೋಷ ತೋರಿಸಿದರೆ ಬಲಗೈ ಕಡಿದುಕೊಳ್ಳುವೆನೆಂದು ಜಕಣ ಪಣ ತೊಟ್ಟ. ವಿಗ್ರಹಕ್ಕೆ ಗಂಧ ಬಳಿದರು. ಎಲ್ಲೆಡೆ ಗಂಧ ಒಣಗಿದರೂ ಹೊಕ್ಕುಳ ಬಳಿ ಹಸಿಯಾಗಿಯೇ ಉಳಿಯಿತು. ಅಲ್ಲಿ ಉಳಿ ಇಟ್ಟಾಗ ನೀರು, ಕಪ್ಪೆ ಹೊರಬಂದವಂತೆ. ಕೈ ಕಳೆದುಕೊಂಡ ಶಿಲ್ಪಿ ಹುಟ್ಟೂರಿಗೆ ಮರಳಿ ಕೇಶವನ ಗುಡಿ ಕಟ್ಟಿದ ಮೇಲೆ ಕೈ ಮರಳಿ ಬಂದಿತೆಂದೂ, ಅದರಿಂದಲೇ ಊರಿಗೆ ಕೈದಾಳವೆಂಬ ಹೆಸರಾಯಿತೆಂದೂ ಹೇಳುತ್ತಾರೆ.

ಮುಚ್ಚಿದ ಕಲ್ಲಿನೊಳಗೆ ಗಾಳಿ, ಆಹಾರವಿಲ್ಲದೆ ಕಪ್ಪೆ ಬದುಕಿರದು. ಆದರೆ ಗಂಧದ ಪರೀಕ್ಷೆಯಲ್ಲಿ ವಿಜ್ಞಾನವಿದೆ. ಬಿರುಕಿನ ಹಿಂದೆ ತೇವ ನಿಂತ ಜಾಗದಲ್ಲಿ ಲೇಪ ತಡವಾಗಿ ಒಣಗುತ್ತದೆ. ಇದು ಕಲ್ಲಿನ ಜತೆ ದಿನವಿಡೀ ಕಳೆದವನಿಗೆ ಮಾತ್ರ ಹೊಳೆಯುವ ಉಪಾಯ.

ಜಕಣಾಚಾರಿ ಐತಿಹ್ಯದ ವ್ಯಕ್ತಿ ಎಂಬುದು ಇತಿಹಾಸಕಾರರ ಅಭಿಪ್ರಾಯ. ಆದರೆ 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ದೇವಾಲಯದಲ್ಲಿ ನಿಜವಾದ ತಂದೆ-ಮಗನ ಸಹಿಗಳಿವೆ. ಅವರು ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ. ಇಂದಿನ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಿಂದ ಅಷ್ಟು ದೂರ ಬಂದು ಕೆಲಸ ಮಾಡಿದ ಈ ಕುಟುಂಬ ತನ್ನ ಊರಿನ ಹೆಸರನ್ನೂ ಕಲ್ಲಿನಲ್ಲಿ ಉಳಿಸಿದೆ. ಕೈದಾಳದ ಕಥೆ ಕೇಳುವವರೆಲ್ಲ ತಂದೆ-ಮಗನನ್ನು ನೆನೆಯುತ್ತಾರೆ. ಹದಿನೈದಿಪ್ಪತ್ತು ವರ್ಷ ಒಬ್ಬಳೇ ಮನೆ ನಡೆಸಿ, ಮಗನ ಕೈಗೂ ಉಳಿ ಕೊಟ್ಟ ತಾಯಿಯನ್ನು ನೆನೆಯುವವರು ಕಡಿಮೆ.

ಊರಲ್ಲೇ ಕಲಿತವರು

ಅದೇ ರಸ್ತೆಯಲ್ಲಿ ಮುಂದೆ ಕುಣಿಗಲ್. ಇಲ್ಲಿನ ದೊಡ್ಡ ಕೆರೆಯ ಮೇಲಿನ ಜನಪದ ಹಾಡು ಕನ್ನಡನಾಡಿನ ಶಾಲೆ ಶಾಲೆಗಳಲ್ಲಿ ಕೇಳಿಬರುತ್ತದೆ. ಅದನ್ನು ಕಟ್ಟಿದವರ ಹೆಸರು ಯಾರಿಗೂ ಗೊತ್ತಿಲ್ಲ. ಇಂಥ ಪದಗಳನ್ನು ಜನ ಕಲಿತದ್ದು ಬೀಸುವ ಕಲ್ಲಿನ ಮುಂದೆ, ನಾಟಿ ಗದ್ದೆಯಲ್ಲಿ, ಹಿರಿಯರ ಬಾಯಿಂದ. ಶುಲ್ಕವಿಲ್ಲ, ಊರು ಬಿಡುವ ಸಂಕಟವೂ ಇಲ್ಲ. ಎಲ್ಲ ಕಲೆಗೂ ಈ ಅನುಕೂಲ ಇರುವುದಿಲ್ಲ. ಹತ್ತಾರು ಜನ ಸೇರಿ ಆಡಬೇಕಾದ ನಾಟಕ ಕಲಿಯಲು ಹತ್ತಾರು ಜನರಿರುವ ಕಡೆಗೇ ಹೋಗಬೇಕು. ಹಾಗೆ ಹೋದವರಿಗೆ ಮನೆಯಾದದ್ದು ಗುಬ್ಬಿಯ ಕಂಪನಿ.

ಅನ್ನ ಹಾಕಿದ ಶಾಲೆ

ತುಮಕೂರಿಗೆ ಮರಳಿ ಪಶ್ಚಿಮಕ್ಕೆ ಸುಮಾರು 20 ಕಿ.ಮೀ. ಹೋದರೆ ಗುಬ್ಬಿ. ಊರ ದೇವರು ಚನ್ನಬಸವೇಶ್ವರನ ಹೆಸರಿನಲ್ಲಿ 1884ರಲ್ಲಿ ಇಲ್ಲಿ ನಾಟಕ ಸಂಘ ಹುಟ್ಟಿತು. ಎಳೆಯ ಬಾಲಕನಾಗಿ ಅದನ್ನು ಸೇರಿದ ವೀರಣ್ಣ ಮುಂದೆ ಅದರ ಮಾಲೀಕರಾದರು. ‘ಕುರುಕ್ಷೇತ್ರ’ ನಾಟಕದಲ್ಲಿ ರಂಗದ ಮೇಲೆ ಆನೆ, ಕುದುರೆಗಳನ್ನೇ ತಂದು ನಾಡನ್ನು ಬೆರಗುಗೊಳಿಸಿದರು.

ಕಂಪನಿ ಸೇರಿದ ಹುಡುಗನ ದಿನಚರಿ ಶಾಲೆಯ ದಿನಚರಿಯಂತಿರಲಿಲ್ಲ. ನಾಟಕ ಮುಗಿಯುವಾಗ ನಡುರಾತ್ರಿ ಮೀರಿರುತ್ತಿತ್ತು. ಬಣ್ಣ ತೊಳೆದು ಮಲಗಿ ಎದ್ದರೆ ಹಾರ್ಮೋನಿಯಂ ಮೇಷ್ಟರ ಮುಂದೆ ಹಾಡಿನ ಪಾಠ, ಬಳಿಕ ಮಾತಿನ ಅಭ್ಯಾಸ. ಒತ್ತಕ್ಷರ, ಮಹಾಪ್ರಾಣ ತಪ್ಪಿದರೆ ಮತ್ತೆ ಮೊದಲಿಂದ. ಆಗಾಗ ಊರು ಬದಲಾಗುತ್ತಿತ್ತು. ಪರದೆ, ಪೆಟ್ಟಿಗೆ, ಪಾತ್ರೆ ಪಡಗಗಳೊಡನೆ ಮಕ್ಕಳೂ ಹೊರಡುತ್ತಿದ್ದರು. ಆದರೆ ಎಲ್ಲರಿಗೂ ಒಂದೇ ಅಡುಗೆಮನೆ, ಒಂದೇ ಪಂಕ್ತಿ. ಪಾತ್ರ ಚಿಕ್ಕದಾದರೂ ಊಟ ತಪ್ಪುತ್ತಿರಲಿಲ್ಲ.

ತಂದೆ ಪುಟ್ಟಸ್ವಾಮಯ್ಯನವರ ಜತೆ ಈ ಕಂಪನಿಗೆ ಬಂದ ಮುತ್ತುರಾಜ ಮುಂದೆ ರಾಜ್‌ಕುಮಾರ್ ಆದರು. ಶಾಲೆಯಲ್ಲಿ ಹೆಚ್ಚು ಓದದ ಅವರ ಅಚ್ಚುಕಟ್ಟಾದ ಕನ್ನಡ ಉಚ್ಚಾರಣೆಗೆ ಕಂಪನಿಯ ಅಭ್ಯಾಸವೇ ಬುನಾದಿ. ಅವರು ನಾಯಕರಾದ 1954ರ ‘ಬೇಡರ ಕಣ್ಣಪ್ಪ’ ಚಿತ್ರದ ನಿರ್ಮಾಣದಲ್ಲೂ ಗುಬ್ಬಿಯ ಹೆಸರಿತ್ತು.

ಗುಬ್ಬಿಯಿಂದ ಕಾಶಿಗೆ

ಬಂಟ್ವಾಳ ತಾಲ್ಲೂಕಿನ ಮಂಚಿಯಲ್ಲಿ 1929ರಲ್ಲಿ ಹುಟ್ಟಿದ ಬಿ.ವಿ. ಕಾರಂತರು ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದವರು. ಹುಡುಗನ ಹಸಿವು ಬಣ್ಣ ಹಚ್ಚುವುದಕ್ಕಷ್ಟೇ ನಿಲ್ಲದೆಂದು ಕಂಡ ವೀರಣ್ಣನವರು ಅವರನ್ನು ಬನಾರಸ್‌ಗೆ ಓದಲು ಕಳುಹಿಸಿದರು. ಅಂದಿನ ದಿನಗಳಲ್ಲಿ ಕನ್ನಡದ ಹುಡುಗನಿಗೆ ಕಾಶಿಯೆಂದರೆ ಹೊರದೇಶವೇ ಸರಿ. ಭಾಷೆ ಬೇರೆ, ರುಚಿ ಬೇರೆ, ಚಳಿ ಬೇರೆ. ಅಲ್ಲಿ ಹಿಂದಿಯಲ್ಲಿ ಎಂ.ಎ. ಮಾಡುತ್ತಲೇ ಪಂಡಿತ ಓಂಕಾರನಾಥ ಠಾಕೂರರಲ್ಲಿ ಹಿಂದೂಸ್ತಾನಿ ಸಂಗೀತ ಕಲಿತರು. ಒಳ್ಳೆಯ ನಟನೊಬ್ಬನನ್ನು ಬಿಟ್ಟುಕೊಟ್ಟರೆ ಕಂಪನಿಗೆ ನಷ್ಟವೆಂದು ಮಾಲೀಕರು ಲೆಕ್ಕ ಹಾಕಬಹುದಿತ್ತು. ಹಾಕಲಿಲ್ಲ.

ಮುಂದಿನ ಮೆಟ್ಟಿಲು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ. ಮದುವೆಯಾಗಿದ್ದ ಕಾರಂತರು ಮತ್ತೆ ವಿದ್ಯಾರ್ಥಿಯಾದಾಗ ಸಂಸಾರ ನಡೆದದ್ದು ಪತ್ನಿ ಪ್ರೇಮಾ ಅವರ ಪ್ರಾಥಮಿಕ ಶಾಲೆಯ ಸಂಬಳದಿಂದ. 1962ರಲ್ಲಿ ಅವರು ಪದವಿ ಪಡೆದು ಹೊರಬಂದರು. ಅದೇ ಶಾಲೆಗೆ 1977ರಲ್ಲಿ ನಿರ್ದೇಶಕರಾದರು. 1989ರಲ್ಲಿ ಮೈಸೂರಿನ ರಂಗಾಯಣದ ಮೊದಲ ನಿರ್ದೇಶಕರಾದರು. ಅವರ ನಾಟಕಗಳ ಸಂಗೀತದಲ್ಲಿ ಕರಾವಳಿಯ ಯಕ್ಷಗಾನ, ಗುಬ್ಬಿಯ ರಂಗಗೀತೆ, ಕಾಶಿಯ ರಾಗ ಮೂರೂ ಬೆರೆತಿದ್ದವು. ಊರೂರು ಅಲೆದ ವರ್ಷಗಳಲ್ಲಿ ಯಾವುದೂ ವ್ಯರ್ಥವಾಗಿರಲಿಲ್ಲ. ಪ್ರೇಮಾ ಕಾರಂತರೂ ನಂತರ ನಾಟಕ ಶಾಲೆಯಲ್ಲಿ ಕಲಿತು, ‘ಫಣಿಯಮ್ಮ’ ಚಿತ್ರ ನಿರ್ದೇಶಿಸಿ ಹೆಸರಾದರು.

ಹೆತ್ತವರಿಗೆ ಒಂದು ಮಾತು

ಇಂದು ದಾರಿಗಳು ಹೆಚ್ಚಾಗಿವೆ. ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತು, ಮೈಸೂರಿನಲ್ಲಿ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ಇವೆ. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಲ್ಲಿ ಆರಂಭವಾಯಿತು. ಅಲ್ಲಿ ವಿದ್ಯಾರ್ಥಿಗಳು ಉಳಿದುಕೊಂಡೇ ಕಲಿಯುತ್ತಾರೆ. ದೆಹಲಿಯ ನಾಟಕ ಶಾಲೆಯ ಮೂರು ವರ್ಷದ ಶಿಕ್ಷಣಕ್ಕೆ ಆಯ್ಕೆಯಾದವರಿಗೆ ವಿದ್ಯಾರ್ಥಿವೇತನವಿದೆ. ಹೊರದೇಶದ ಕಲಾಶಾಲೆಗಳೂ ದೂರದ ಮಾತಲ್ಲ. ಆದರೆ ಅಲ್ಲಿಗೆ ಕಳುಹಿಸುವಾಗ ಶುಲ್ಕವೊಂದನ್ನೇ ಲೆಕ್ಕ ಹಾಕಿದರೆ ಸಾಲದು. ಬಾಡಿಗೆ, ದಿನಸಿ, ಬಸ್ಸಿನ ಖರ್ಚಿನ ಜತೆಗೆ ಬಣ್ಣ, ಕ್ಯಾನ್ವಾಸುಗಳ ವೆಚ್ಚವನ್ನೂ ಕೂಡಿಸಬೇಕು. ವಿದ್ಯಾರ್ಥಿ ವಾರಕ್ಕೆ ಎಷ್ಟು ಗಂಟೆ ದುಡಿಯಬಹುದೆಂಬ ನಿಯಮ ದೇಶದಿಂದ ದೇಶಕ್ಕೆ ಬೇರೆ. ದುಡಿಮೆ ಹೆಚ್ಚಿದರೆ ಅಭ್ಯಾಸ ಕುಗ್ಗುತ್ತದೆ ಎಂಬುದನ್ನೂ ಮರೆಯಬಾರದು. ಅನ್ನ ಬೇಯಿಸುವುದು, ಬಟ್ಟೆ ಒಗೆಯುವುದು, ಖರ್ಚು ಬರೆದಿಡುವುದು ಬಾರದ ಮಗುವಿಗೆ ಪರದೇಶದ ಮೊದಲ ವರ್ಷ ಅದರಲ್ಲೇ ಕಳೆದುಹೋಗುತ್ತದೆ. ಇವನ್ನು ಮನೆಯಲ್ಲೇ ಕಲಿಸಲು ಯಾವ ಶುಲ್ಕವೂ ಬೇಕಿಲ್ಲ.

ಗುಬ್ಬಿಗೆ ಬೆಂಗಳೂರು–ಅರಸೀಕೆರೆ ಮಾರ್ಗದ ರೈಲು, ಹೆದ್ದಾರಿಯ ಬಸ್ಸು ಎರಡೂ ಇವೆ. ಕೈದಾಳಕ್ಕೆ ಬೆಳಗ್ಗೆಯೇ ಹೋದರೆ ಒಳ್ಳೆಯದು. ಸಂಜೆಗೆ ತುಮಕೂರಿಗೆ ಮರಳಿದವರು ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಅಂದು ನಾಟಕವಿದೆಯೇ ಎಂದು ವಿಚಾರಿಸಬಹುದು. ಇದ್ದರೆ ಟಿಕೆಟ್ ಕೊಂಡು ಮಕ್ಕಳೊಡನೆ ಕೂತು ನೋಡಬೇಕು. ಬಣ್ಣ ಹಚ್ಚಿದವರ ಊಟಕ್ಕೆ ಪ್ರೇಕ್ಷಕರ ಪಾಲೂ ಸೇರಬೇಕಲ್ಲವೇ?