ಎಣ್ಣೆಗೂ ಜ್ವರ ಬರುತ್ತೆ

ಅಪ್ಪ, ಅಮ್ಮ ಹಾಸನದಿಂದ ದುಬೈಗೆ ಬಂದಿದ್ದು ಅದೇ ಮೊದಲು. ಅಪ್ಪ ಮೂವತ್ತು ವರ್ಷ ಲಾರಿ ಓಡಿಸಿದವರು. "ಗೇರ್ ಹಾಕದ ಗಾಡೀನೂ ಒಂದು ಗಾಡೀನಾ?" ಅಂತ ಏರ್‌ಪೋರ್ಟ್‌ನಲ್ಲೇ ಶುರು ಮಾಡಿದ್ರು. ನನ್ನ ಆಟೊಮ್ಯಾಟಿಕ್ ಫೋರ್ ಬೈ ಫೋರ್ ತಾಕತ್ತು ತೋರಿಸೋಣ ಅಂತ ಶಾರ್ಜಾದ ಮಲೀಹಾ ಮರಳುಗಾಡಿಗೆ ಕರ್ಕೊಂಡು ಹೋದೆ.

ಟಯರ್ ಗಾಳಿ 15 ಪಿಎಸ್‌ಐಗೆ ಇಳಿಸಿದ್ದೆ. ಲೋ ರೇಂಜ್ ಮಾತ್ರ ಜಂಬಕ್ಕೆ ಹಾಕಲಿಲ್ಲ. ಒಂದು ದಿಬ್ಬವನ್ನು ನಾಲ್ಕು ಸಲ ಹತ್ತಲು ನೋಡಿದೆ. "ಏನೋ ಸೀದ ವಾಸನೆ ಕಣೋ" ಅಂದ್ರು ಅಪ್ಪ. "ಟೆಂಪರೇಚರ್ ಮುಳ್ಳು ನಡುವಲ್ಲೇ ಇದೆ ನೋಡಿ" ಅಂದೆ.

ಆ ಮುಳ್ಳು ಎಂಜಿನ್ ಕೂಲೆಂಟ್‌ದು. ಗೇರ್‌ಬಾಕ್ಸ್ ಎಣ್ಣೆಯ ಲೆಕ್ಕ ಅದಕ್ಕೆ ಗೊತ್ತೇ ಇಲ್ಲ. ಆಟೊಮ್ಯಾಟಿಕ್‌ನಲ್ಲಿ ಎಂಜಿನ್ ಶಕ್ತಿಯನ್ನು ಚಕ್ರಕ್ಕೆ ದಾಟಿಸೋದು ಟಾರ್ಕ್ ಕನ್ವರ್ಟರ್ ಒಳಗಿನ ಎಣ್ಣೆ. ಮರಳಲ್ಲಿ ಚಕ್ರ ನಿಧಾನ, ಎಂಜಿನ್ ಜೋರು. ನಡುವೆ ಸಿಕ್ಕ ಎಣ್ಣೆ ಮೊಸರು ಕಡೆದಂತೆ ಕಡೆದು ಕಾಯುತ್ತೆ. ಎಚ್ಚರಿಕೆಯ ದೀಪ ಹತ್ತುವಷ್ಟರಲ್ಲಿ ತಡವಾಗಿತ್ತು. ಎಂಜಿನ್ ಅರಚುತ್ತೆ, ಗಾಡಿ ಕದಲಲ್ಲ.

ಗಾಬರಿಯಲ್ಲಿ ಎಂಜಿನ್ ಆಫ್ ಮಾಡಿದೆ. ಅದೂ ತಪ್ಪೇ. ನ್ಯೂಟ್ರಲ್‌ನಲ್ಲಿಟ್ಟು ಐಡಲ್‌ನಲ್ಲಿ ಬಿಟ್ಟಿದ್ರೆ ಪಂಪ್ ಎಣ್ಣೆಯನ್ನು ಕೂಲರ್‌ಗೆ ಸುತ್ತಿಸ್ತಿತ್ತು.

ಎರಡು ಗಂಟೆ ಕಾದೆವು. ಅಮ್ಮನ ಶುಗರ್ ಮಾತ್ರೆ ಮನೆಯಲ್ಲೇ ಉಳಿದಿತ್ತು, ನೀರು ಒಂದೇ ಬಾಟಲಿ. ಅಮ್ಮ ಬಿಸ್ಕತ್ತು ಹಿಡ್ಕೊಂಡು ಸುಮ್ಮನೆ ಕೂತಿದ್ರು, ಕೈ ನಡುಗ್ತಿತ್ತು. ಅಪ್ಪ ಒಂದು ಮಾತೂ ಬೈಯಲಿಲ್ಲ. ಬೈದಿದ್ರೇ ಚೆನ್ನಾಗಿತ್ತು.

ಗ್ಯಾರೇಜಲ್ಲಿ ಕೆಂಪಗಿರಬೇಕಾದ ಎಣ್ಣೆ ಕಾಫಿ ಡಿಕಾಕ್ಷನ್ ಥರ ಬಂತು. ಆ ವರ್ಷ ಊರಿಗೆ ಹೋಗೋಕೆ ಇಟ್ಟಿದ್ದ ದುಡ್ಡು ರಿಪೇರಿಗೇ ಹೋಯ್ತು.

ಈಗ ಓಬಿಡಿ ಸಾಕೆಟ್‌ಗೆ ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿದ್ದೀನಿ, ಫೋನಲ್ಲಿ ಅಂಕಿ ಕಾಣುತ್ತೆ. (ಆ್ಯಪ್ ಹಾಕಿದ ತಕ್ಷಣ ಬರಲ್ಲ. ಗೇರ್‌ಬಾಕ್ಸ್ ಬಿಸಿಗೆ ನಿಮ್ಮ ಮಾಡೆಲ್‌ದೇ ಕೋಡ್ ಸೇರಿಸಬೇಕು. ನನಗೆ ಒಂದು ಸಂಜೆ ಹಿಡೀತು.) ರಸ್ತೆಯಲ್ಲಿ 80-95 ಡಿಗ್ರಿ ಇರುತ್ತೆ. ಮರಳಲ್ಲಿ 110 ಆದ್ರೆ ಲೋ ರೇಂಜ್‌ಗೆ ಬರ್ತೀನಿ, 120ಕ್ಕೆ ನಿಂತೇಬಿಡ್ತೀನಿ. ಇದು ನನ್ನ ಲೆಕ್ಕ. ನಿಮ್ಮ ಗಾಡಿಯ ಮಿತಿ ಮ್ಯಾನ್ಯುಯಲ್‌ನಲ್ಲಿ ನೋಡಿ.

ಹೋದ ತಿಂಗಳು 121 ತೋರಿಸ್ತು. ಗೆಳೆಯರು ದಿಬ್ಬದ ಮೇಲಿಂದ ವಾಕಿಟಾಕಿಯಲ್ಲಿ ಛೇಡಿಸ್ತಾನೇ ಇದ್ರು. ನ್ಯೂಟ್ರಲ್‌ಗೆ ಹಾಕಿ ಎಂಜಿನ್ ಓಡ್ತಾ ಇರೋಕೆ ಬಿಟ್ಟು, ಕೂತಲ್ಲಿಂದಲೇ ಊರಿಗೆ ವಿಡಿಯೊ ಕಾಲ್ ಮಾಡಿದೆ.

"ಜ್ವರ ಎಷ್ಟಿದೆಯೋ?" ಅಂದ್ರು ಅಪ್ಪ.

"ನೂರಾ ನಾಲ್ಕು. ಇಳೀತಿದೆ."

"ಇನ್ನೊಂದು ಸ್ವಲ್ಪ ಇಳೀಲಿ ಬಿಡು. ನೀರು ಕುಡಿದ್ಯಾ?"